ಎಡಗಿವಿಯೋ ಬಲಗಿವಿಯೋ: ತಲೆಸುತ್ತು ಬಂದಾಗ ನಾನು ಮೊದಲು ಮಾಡಿದ್ದು

ಕಳೆದ ಕಾರ್ತಿಕದಲ್ಲಿ ಒಂದು ಬೆಳಗಿನ ಜಾವ, ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಮಗ್ಗುಲು ಬದಲಿಸಿದೊಡನೆ ಫ್ಯಾನು, ಕಿಟಕಿ, ಗೋಡೆಯ ಕ್ಯಾಲೆಂಡರು ಎಲ್ಲವೂ ಗಿರ್ರನೆ ತಿರುಗತೊಡಗಿದವು. ಅರ್ಧ ನಿಮಿಷದೊಳಗೆ ಸುತ್ತು ನಿಂತರೂ ಹೊಟ್ಟೆ ತೊಳಸುವುದು ಮಧ್ಯಾಹ್ನದವರೆಗೆ ಬಿಡಲಿಲ್ಲ. ಪಿತ್ತವಿರಬೇಕೆಂದು ಅತ್ತೆಯವರು ಜೀರಿಗೆ ಕಷಾಯ ಕಾಯಿಸಿಕೊಟ್ಟರು. ಸಂಜೆ ತಂಗಿಯ ಮಗ ಬಂದು, "ದೊಡ್ಡಮ್ಮ, ಇದಕ್ಕೆ ತಲೆ ತಿರುಗಿಸುವ ವ್ಯಾಯಾಮವಿದೆ, ಈಗಲೇ ಮಾಡಿಬಿಡೋಣ" ಎಂದು ಮೊಬೈಲಿನಲ್ಲಿ ವಿಡಿಯೊ ತೋರಿಸಿದ.

ನಾನು ಒಪ್ಪಲಿಲ್ಲ. ನನಗೆ ಕತ್ತಿನ ಮೂಳೆ ಸವೆದಿದೆ, ಬಿ.ಪಿ. ಮಾತ್ರೆಯನ್ನೂ ನುಂಗುತ್ತೇನೆ. ಎದ್ದಾಗ ಕಣ್ಣು ಕತ್ತಲೆ ಕಟ್ಟುವುದು, ನಡೆಯುವಾಗ ಓಲಾಡುವುದು, ಸುತ್ತಲಿನದೆಲ್ಲ ತಿರುಗಿದಂತಾಗುವುದು ಇವೆಲ್ಲವನ್ನೂ ನಾವು ತಲೆಸುತ್ತು ಎಂದೇ ಕರೆಯುತ್ತೇವೆ. ಆದರೆ ಅವುಗಳ ಮೂಲ ರಕ್ತದೊತ್ತಡದಲ್ಲಿರಬಹುದು, ಒಳಗಿವಿಯಲ್ಲಿರಬಹುದು, ಮೆದುಳಿನಲ್ಲೂ ಇರಬಹುದು. ಪಕ್ಕದ ಮನೆಯವರು ಕೊಡಲು ಬಂದ ಮಾತ್ರೆಯನ್ನೂ ಬೇಡವೆಂದೆ. ಸುತ್ತು ಯಾವಾಗ ಬಂತು, ಎಷ್ಟು ಹೊತ್ತಿತ್ತು, ಯಾವ ಕಡೆ ಹೊರಳಿದಾಗ ಎಂಬುದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು, ಮರುದಿನ ಬೆಳಿಗ್ಗೆ ಕಿವಿ, ಮೂಗು, ಗಂಟಲು ತಜ್ಞರ ಬಳಿಗೆ ಹೋದೆ.

ವೈದ್ಯರು ಮೊದಲು ಕೇಳಿದ್ದೂ ಅವನ್ನೇ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದರು, ಬೆರಳಿನಿಂದ ಮೂಗನ್ನು ಮುಟ್ಟಿಸಿದರು, ನೇರ ಗೆರೆಯಲ್ಲಿ ನಡೆಸಿದರು. ನೋಟ ಎರಡೆರಡಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ನಿಲ್ಲಲಾಗದಿರುವುದು, ಹಿಂದೆಂದೂ ಕಾಣದ ತಲೆನೋವು, ಇವುಗಳಲ್ಲಿ ಒಂದಿದ್ದರೂ ಆ ಕ್ಷಣವೇ ತುರ್ತು ಚಿಕಿತ್ಸೆಗೆ ಹೋಗಬೇಕು ಎಂದರು. ಒಂದು ರಾತ್ರಿ ಕಳೆದು ಬಂದಿದ್ದ ನನಗೆ ಎದೆ ಝಲ್ಲೆಂದಿತು.

ಬಲಗಿವಿ ಮೊದಲಿನಿಂದಲೂ ಮಂದವಾದ್ದರಿಂದ ತೊಂದರೆ ಅದರದೇ ಎಂದು ನಾನು ನಂಬಿದ್ದೆ. ವೈದ್ಯರು ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಕತ್ತಿಗೆ ಆಸರೆಯಾಗಿ ಕೈಕೊಟ್ಟು ಥಟ್ಟನೆ ಹಿಂದಕ್ಕೆ ಮಲಗಿಸಿದರು. ಏನೂ ಆಗಲಿಲ್ಲ. ಎಡಕ್ಕೆ ಹಾಗೆಯೇ ಮಾಡಿದಾಗ ಮೂರು ನಾಲ್ಕು ಸೆಕೆಂಡು ಸುಮ್ಮನಿದ್ದು, ಆಮೇಲೆ ಇಡೀ ಕೋಣೆ ತಿರುಗಿತು. "ಕಣ್ಣು ಮುಚ್ಚಬೇಡಿ ಅಮ್ಮ, ನನ್ನ ಮೂಗನ್ನೇ ನೋಡಿ" ಎನ್ನುತ್ತ ಅವರು ನನ್ನ ಕಣ್ಣಗುಡ್ಡೆಗಳ ಅದುರುವಿಕೆಯನ್ನೇ ಗಮನಿಸುತ್ತಿದ್ದರು. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಒಳಗಿವಿಯ ಸುಣ್ಣದ ಸೂಕ್ಷ್ಮ ಹರಳುಗಳು ಸ್ಥಾನ ತಪ್ಪಿ ಅರ್ಧವೃತ್ತದ ನಾಳಕ್ಕೆ ಜಾರಿದ್ದವು. ತಲೆಯ ಭಂಗಿ ಬದಲಾದಾಗ ಸುತ್ತು ತರುವ ಈ ತೊಂದರೆಗೆ ಬಿಪಿಪಿವಿ ಎನ್ನುತ್ತಾರೆ. ಸುತ್ತನ್ನು ಅದುಮುವ ಮಾತ್ರೆ ಆ ಹರಳನ್ನು ಹಿಂದಕ್ಕೆ ತರಲಾರದು. ಮೊದಲೇ ನುಂಗಿದ್ದರೆ ಕಣ್ಣಿನ ಆ ಅದುರುವಿಕೆಯೂ ಮಸುಕಾಗಬಹುದಿತ್ತು.

ತಂಗಿಯ ಮಗ ತೋರಿಸಿದ್ದು, ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ಹಿಂದಕ್ಕೆ ಜಾರಿಸುವ ಎಪ್ಲಿ ವಿಧಾನವೇ, ಆದರೆ ಬಲಗಿವಿಯದು. ವೈದ್ಯರು ಅದನ್ನೇ ಎಡಗಿವಿಗೆ, ಪ್ರತಿ ಭಂಗಿಯಲ್ಲೂ ಅರ್ಧ ನಿಮಿಷ ನಿಲ್ಲಿಸಿ, ನನ್ನ ಕತ್ತನ್ನು ಎರಡೂ ಕೈಗಳಲ್ಲಿ ಹಿಡಿದು ಮಾಡಿದರು. ಬಲಗಿವಿಯ ಮಂದತನಕ್ಕಾಗಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮಾಡಿಸಿಕೊಂಡೆ. ವಾರದ ನಂತರ ಮತ್ತೆ ಮಲಗಿಸಿ ನೋಡಿದಾಗ ಕೋಣೆ ಅಲುಗಲಿಲ್ಲ. ಮತ್ತೆ ಬಂದರೆ ಭುಜದಡಿ ದಿಂಬಿಟ್ಟು ಮಾಡಿಕೊಳ್ಳುವ ಕ್ರಮವನ್ನು ಅಂದೇ ಕಲಿಸಿ, ಸುತ್ತಿನ ರೀತಿ ಬೇರೆಯಾಗಿದ್ದರೆ ಏನೂ ಮಾಡದೆ ಬರಬೇಕೆಂದು ಹೇಳಿ, ಚೀಟಿಯ ಮೇಲೆ ದಪ್ಪಕ್ಷರದಲ್ಲಿ "ಎಡಗಿವಿ" ಎಂದು ಬರೆದುಕೊಟ್ಟರು.