ಕಿಡ್ ಫ್ರಾಸ್ಟ್ ಕೇಳುವುದಾದರೆ ಬೇಸ್‌ನಿಂದ ಶುರು ಮಾಡಿ

ಕಿಡ್ ಫ್ರಾಸ್ಟ್ ಅಂದರೆ ಯಾರು ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಗೊತ್ತಿಲ್ಲ ಅನ್ನುತ್ತಾರೆ. ಆದರೆ 'ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್' ಆಡಿದವರು ಈ ದನಿಯನ್ನು ಆಗಲೇ ಕೇಳಿದ್ದಾರೆ. 2004ರ ಆ ಗೇಮ್‌ನಲ್ಲಿ ಟಿ-ಬೋನ್ ಮೆಂಡೆಜ್ ಅನ್ನೋ ಗ್ಯಾಂಗ್ ಲೀಡರ್‌ಗೆ ದನಿ ಕೊಟ್ಟವರು ಇವರೇ, ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ರ‍್ಯಾಪರ್. ಕಾರು ಹತ್ತಿದಾಗ ರೇಡಿಯೋ ಲಾಸ್ ಸ್ಯಾಂಟೋಸ್‌ನಲ್ಲಿ ಬರುತ್ತಿದ್ದ 'ಲಾ ರಾಸಾ' ಹಾಡೂ ಇವರದೇ.

ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಇದೇ ನನ್ನ ಕೆಲಸ. ಹಾಗಾಗಿ ಯಾವ ಹಾಡು ಬಂದರೂ ನನ್ನ ಕಿವಿ ಮಾತಿಗಿಂತ ಮುಂಚೆ ಅದರ ಅಡಿಯಲ್ಲಿ ಏನು ನಡೀತಿದೆ ಅಂತ ಹುಡುಕುತ್ತೆ. ಫ್ರಾಸ್ಟ್ ವಿಷಯದಲ್ಲಿ ಅದೇ ಸರಿಯಾದ ದಾರಿ. ಅವರ ಮಾತು ಅರ್ಧ ಇಂಗ್ಲಿಷ್, ಅರ್ಧ ಸ್ಪ್ಯಾನಿಷ್, ನಡುವೆ ಲಾಸ್ ಏಂಜಲೀಸ್‌ನ ಗಲ್ಲಿ ಭಾಷೆ. ಅದನ್ನು ಹಿಡಿಯಲು ಹೋದರೆ ಮೊದಲ ನಿಮಿಷದಲ್ಲೇ ಸುಸ್ತಾಗುತ್ತೀರಿ. ಕೆಳಗಿನಿಂದ ಮೇಲೆ ಬನ್ನಿ.

ಮೊದಲು ಒಂದು ಇಯರ್‌ಫೋನ್ ಹಾಕಿಕೊಳ್ಳಿ. ಮೊಬೈಲ್ ಸ್ಪೀಕರ್‌ನಲ್ಲಿ ಬೇಸ್, ಅಂದರೆ ಅಡಿಯಲ್ಲಿ ಗುಮ್ಮೆನ್ನುವ ತಗ್ಗಿನ ಸ್ವರ, ಕೇಳುವುದಿಲ್ಲ, ಈ ಹಾಡುಗಳಲ್ಲಿ ಬೇಸ್ ಹೋದರೆ ಎಲ್ಲಾ ಹೋಯಿತು. ಆಮೇಲೆ ಫ್ರಾಸ್ಟ್ ಅವರನ್ನು ಪಕ್ಕಕ್ಕಿಟ್ಟು 'ಎಲ್ ಚಿಕಾನೋ' ಅನ್ನೋ ಬ್ಯಾಂಡಿನ 'ವೀವಾ ತಿರಾದೋ' ಹುಡುಕಿ. 1970ರದು. ಹಾಡುವವರು ಯಾರೂ ಇಲ್ಲ, ಬರೀ ವಾದ್ಯ. ಕೆಳಗೆ ಬೇಸ್ ಒಂದೇ ಜಾಗದಲ್ಲಿ ಸುತ್ತುತ್ತಾ ಇರುತ್ತದೆ, ಪಕ್ಕದಲ್ಲಿ ಕೈಯಲ್ಲಿ ಬಾರಿಸುವ ಕಾಂಗಾ ಡೋಲು, ಮೇಲೆ ಆರ್ಗನ್ ಮತ್ತು ಗಿಟಾರ್. ಯಾರಿಗೂ ಅವಸರ ಇಲ್ಲ. ಎರಡು ಸಲ ಕೇಳಿ. ಎರಡನೇ ಸಲ ಬೇಸ್ ಒಂದನ್ನೇ ಹಿಡಿದು ಗುನುಗಿ ನೋಡಿ. ಅದು ಬಾಯಿಗೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಈಗ ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿಯಬೇಕು. ಈ ಟ್ಯೂನ್ ಆ ಬ್ಯಾಂಡಿನವರದಲ್ಲ. ಇದನ್ನು ಬರೆದವರು ಜೆರಾಲ್ಡ್ ವಿಲ್ಸನ್, ಮಿಸಿಸಿಪ್ಪಿಯಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ನೆಲೆ ನಿಂತ ಕಪ್ಪು ಜಾಝ್ ಸಂಗೀತಗಾರ. ಅವರ ಹೆಂಡತಿ ಮೆಕ್ಸಿಕನ್-ಅಮೆರಿಕನ್. ಹೋಸೆ ರಾಮೋನ್ ತಿರಾದೋ ಅನ್ನೋ ಮೆಕ್ಸಿಕೋದ ಗೂಳಿ ಕಾಳಗದ ವೀರನ ಹೆಸರಲ್ಲಿ ಈ ಟ್ಯೂನ್ ಕಟ್ಟಿ, 1962ರಲ್ಲಿ ತಮ್ಮ ದೊಡ್ಡ ಬ್ಯಾಂಡಿನಲ್ಲಿ ನುಡಿಸಿದರು. ಎಂಟು ವರ್ಷದ ಮೇಲೆ ಮೆಕ್ಸಿಕನ್ ಮೂಲದ ಹುಡುಗರು ಅದನ್ನೇ ಎತ್ತಿಕೊಂಡು ಸಣ್ಣ ಬ್ಯಾಂಡಿಗೆ ಹೊಂದಿಸಿದರು. ಅದಾಗಿ ಇಪ್ಪತ್ತು ವರ್ಷಕ್ಕೆ ಫ್ರಾಸ್ಟ್ ಅದನ್ನು ಸ್ಯಾಂಪಲ್ ಮಾಡಿದರು, ಅಂದರೆ ಅದರ ತುಣುಕನ್ನು ತಮ್ಮ ಹಾಡಿಗೆ ಎತ್ತಿಕೊಂಡರು. ಕಪ್ಪು ಜನರ ಸಂಗೀತ ಮತ್ತು ಮೆಕ್ಸಿಕನ್ ಬೀದಿಗಳು ಆ ಊರಲ್ಲಿ ಎಷ್ಟು ಒಳಗೊಳಗೆ ಹೆಣೆದುಕೊಂಡಿವೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಸಿಕ್ಕಿಲ್ಲ.

ಈಗ 'ಲಾ ರಾಸಾ' ಹಾಕಿ. ಅದೇ ಬೇಸ್ ಬಂದಾಗ ಹಳೇ ಪರಿಚಯದವರು ಸಿಕ್ಕ ಹಾಗೆ ಆಗುತ್ತದೆ, ಅಲ್ವಾ? 1990ರಲ್ಲಿ 'ಹಿಸ್ಪ್ಯಾನಿಕ್ ಕಾಸಿಂಗ್ ಪ್ಯಾನಿಕ್' ಆಲ್ಬಮ್‌ನಲ್ಲಿ ಬಂದ ಹಾಡು ಇದು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಮುಖ್ಯ ಪಟ್ಟಿಯಲ್ಲಿ 42ನೇ ಸ್ಥಾನದ ತನಕ ಹೋಯಿತು. ಫ್ರಾಸ್ಟ್ ಕೂಗುವುದಿಲ್ಲ, ಓಡುವುದಿಲ್ಲ. ತಗ್ಗಿದ ದನಿಯಲ್ಲಿ, ಬೀಟ್‌ಗಿಂತ ಸ್ವಲ್ಪ ಹಿಂದೆ ಒರಗಿಕೊಂಡು ಮಾತಾಡುತ್ತಾರೆ. ಅದನ್ನು ಗಮನಿಸಿ. ಎಷ್ಟೋ ರ‍್ಯಾಪರ್‌ಗಳು ಮೂರು ಹಾಡಲ್ಲಿ ತುಂಬುವಷ್ಟು ಮಾತನ್ನು ಒಂದರಲ್ಲಿ ತುರುಕುತ್ತಾರೆ. ಇವರು ಜಾಗ ಬಿಡುತ್ತಾರೆ, ಆ ಜಾಗದಲ್ಲಿ ಆರ್ಗನ್ ಮಾತಾಡುತ್ತದೆ.

ಈ ನಿಧಾನ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ವಿಟ್ಟಿಯರ್ ಬೊಲೆವಾರ್ಡ್ ಬಗ್ಗೆ ತಿಳಿಯಬೇಕು. ಈಸ್ಟ್ ಲಾಸ್ ಏಂಜಲೀಸ್‌ನ ದೊಡ್ಡ ರಸ್ತೆ ಅದು. ವಾರದ ಕೊನೆಗೆ ಅಲ್ಲಿ ಲೋರೈಡರ್ ಕಾರುಗಳು ಸಾಲಾಗಿ ಬರುತ್ತಿದ್ದವು. ನೆಲಕ್ಕೆ ತಾಗುವಷ್ಟು ತಗ್ಗಿಸಿದ ಹಳೇ ಶೆವರ್ಲೆಗಳು, ಬೇಕಂತಲೇ ಆಮೆ ವೇಗ. 1958ರಲ್ಲಿ ಕ್ಯಾಲಿಫೋರ್ನಿಯಾ ಅಷ್ಟು ತಗ್ಗಿಸುವುದನ್ನು ಕಾನೂನಿನಿಂದ ನಿಷೇಧಿಸಿತು. ಆಗ ಹುಡುಗರು ಹೈಡ್ರಾಲಿಕ್ ಪಂಪ್ ಜೋಡಿಸಿದರು. ಪೊಲೀಸ್ ಕಂಡರೆ ಸ್ವಿಚ್ ಒತ್ತು, ಕಾರು ಮೇಲೇಳುತ್ತೆ. ಆ ಹಳೇ ನಿಷೇಧ ಪೂರ್ತಿ ಹೋಗಿದ್ದು 2024ರ ಜನವರಿಯಲ್ಲಿ. 'ಲಾ ರಾಸಾ' ಈ ಕಾರುಗಳ ವೇಗಕ್ಕೆ ಕಟ್ಟಿದ ಹಾಡು. ಆಟೋದಲ್ಲೋ ಬಸ್ಸಲ್ಲೋ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಹಾಕಿ ನೋಡಿ, ಗೊತ್ತಾಗುತ್ತೆ.

ಅದೇ ರಸ್ತೆಯಲ್ಲಿ ಇನ್ನೊಂದು ಕಥೆ ಇದೆ. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧದ ವಿರುದ್ಧ ಚಿಕಾನೋ ಜನರ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರ, ದೊಡ್ಡ ಮೆರವಣಿಗೆ ನಡೆಯಿತು. ಅವತ್ತು ಪತ್ರಕರ್ತ ರೂಬೆನ್ ಸಲಸಾರ್ ಈ ರಸ್ತೆಯ ಸಿಲ್ವರ್ ಡಾಲರ್ ಕೆಫೆಯಲ್ಲಿ ಕೂತಿದ್ದರು. ಶೆರಿಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥ) ಕಡೆಯವನೊಬ್ಬ ಹೊಡೆದ ಅಶ್ರುವಾಯು ಶೆಲ್ ಅವರ ತಲೆಗೆ ಬಿತ್ತು, ಅಲ್ಲೇ ತೀರಿಕೊಂಡರು. 'ವೀವಾ ತಿರಾದೋ' ಬಂದದ್ದೂ ಅದೇ ವರ್ಷ. 'ಲಾ ರಾಸಾ', ಅಂದರೆ ನಮ್ಮ ಜನ, ಆ ಚಳವಳಿಯ ಘೋಷಣೆಯಾಗಿತ್ತು. ಫ್ರಾಸ್ಟ್ ಅದನ್ನು ರ‍್ಯಾಪ್‌ಗೆ ತಂದರು. ಹಾಡಿನಲ್ಲಿ ಗ್ಯಾಂಗಿನ ಬೆದರಿಕೆಯೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಬಿರುಸಿನ ಜೊತೆಗೆ, ನಾವೂ ಇದ್ದೇವೆ ಅನ್ನೋ ಗಟ್ಟಿ ಹೆಮ್ಮೆ ಇದೆ. ಅದು ನನಗೆ ಇವತ್ತಿಗೂ ಮುಟ್ಟುತ್ತದೆ.

ಇಷ್ಟಾದ ಮೇಲೆ ಫ್ರಾಸ್ಟ್ ಅವರ ಬಗ್ಗೆ ಓದಿ, ಆಗ ತಲೆಯಲ್ಲಿ ನಿಲ್ಲುತ್ತದೆ. ನಿಜವಾದ ಹೆಸರು ಆರ್ತುರೋ ಮೊಲಿನಾ ಜೂನಿಯರ್, ಹುಟ್ಟಿದ್ದು 1964ರಲ್ಲಿ. ಅಪ್ಪ ಸೇನೆಯಲ್ಲಿದ್ದರು, ಹಾಗಾಗಿ ಬಾಲ್ಯದ ಒಂದಷ್ಟು ಭಾಗ ಗುವಾಮ್, ಜರ್ಮನಿಯ ಸೇನಾ ನೆಲೆಗಳಲ್ಲಿ ಕಳೆಯಿತು. ಎಂಬತ್ತರ ದಶಕದ ಶುರುವಿನಲ್ಲಿ ಐಸ್-ಟಿ ಅನ್ನೋ ರ‍್ಯಾಪರ್ ಜೊತೆ ರ‍್ಯಾಪ್ ಪೈಪೋಟಿಗೆ ನಿಂತವರು, ಫ್ರಾಸ್ಟ್ ಅನ್ನೋ ಹೆಸರೂ ಆ ನಂಟಿನದೇ. ಆಗಿನ ಅವರ ಎಲೆಕ್ಟ್ರೋ ಹಾಡುಗಳನ್ನು ಸದ್ಯಕ್ಕೆ ಬಿಟ್ಟರೂ ನಡೆಯುತ್ತೆ. ಮೆಲ್ಲೋ ಮ್ಯಾನ್ ಏಸ್ ಮೊದಲಾದ ರ‍್ಯಾಪರ್‌ಗಳನ್ನು ಸೇರಿಸಿಕೊಂಡು 'ಲ್ಯಾಟಿನ್ ಅಲಯನ್ಸ್' ಅನ್ನೋ ತಂಡ ಮಾಡಿ, 1991ರಲ್ಲಿ ಆಲ್ಬಮ್ ತಂದರು. ಅದರಲ್ಲಿ, ವಾರ್ ಬ್ಯಾಂಡಿನ 1975ರ 'ಲೋ ರೈಡರ್' ಮೇಲೆ ಕಟ್ಟಿದ ಹಾಡೊಂದಿದೆ, ಅದನ್ನು ಮಾತ್ರ ಬಿಡಬೇಡಿ.

ಮುಂದಿನದು 1992ರ 'ಈಸ್ಟ್ ಸೈಡ್ ಸ್ಟೋರಿ'. ನನ್ನ ಪ್ರಕಾರ ಇದೇ ಅವರ ಅತ್ಯುತ್ತಮ ಆಲ್ಬಮ್. ಇದಕ್ಕೂ ಒಂದು ತಯಾರಿ ಬೇಕು. ಬಿಲ್ ವಿದರ್ಸ್ ಅವರ 1971ರ 'ಏಂಟ್ ನೋ ಸನ್‌ಶೈನ್' ಕೇಳಿ, ಆಮೇಲೆ ಫ್ರಾಸ್ಟ್ ಅವರ 'ನೋ ಸನ್‌ಶೈನ್'. ಈಸ್ಟ್ ಸೈಡ್‌ನ ಮನೆಗಳಲ್ಲಿ ಹಳೇ ಸೋಲ್ (soul) ಹಾಡುಗಳು, ಅಂದರೆ ಕಪ್ಪು ಜನರ ಭಾವ ತುಂಬಿದ ಹಾಡುಗಳು, ಅಂದರೆ ಪ್ರಾಣ. ಆರ್ಟ್ ಲೆಬೋ ಅನ್ನೋ ರೇಡಿಯೋ ನಿರೂಪಕರಿಗೆ ಜನ ಫೋನ್ ಮಾಡಿ, ಜೈಲಲ್ಲಿರುವ ಗಂಡನಿಗೋ ಮಗನಿಗೋ ಒಂದು ಹಾಡು ಹಾಕಿ ಅಂತ ಕೇಳುತ್ತಿದ್ದರು. 2022ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಅವರು ಈ ಕೆಲಸ ಮಾಡಿದರು. ಆ ಫೋನ್ ಕರೆಗಳನ್ನು ಮನಸ್ಸಲ್ಲಿಟ್ಟುಕೊಂಡು ಈ ಹಾಡು ಕೇಳಿದರೆ, ಫ್ರಾಸ್ಟ್ ಹಳೇ ಸೋಲ್ ಹಾಡನ್ನೇ ಯಾಕೆ ಆರಿಸಿಕೊಂಡರು ಅಂತ ಕೇಳಬೇಕಾಗಿಲ್ಲ.

1995ರಲ್ಲಿ ಅವರು 'ಕಿಡ್' ಬಿಟ್ಟು ಬರೀ ಫ್ರಾಸ್ಟ್ ಆದರು. 'ಸ್ಮೈಲ್ ನೌ, ಡೈ ಲೇಟರ್' ಬಂದದ್ದು ರ‍್ಯಾಪರ್ ಈಜಿ-ಈ ಕಟ್ಟಿದ ರೂಥ್‌ಲೆಸ್ ಕಂಪನಿಯಿಂದ. ಈಜಿ-ಈ ಅದೇ ವರ್ಷ ಮಾರ್ಚ್‌ನಲ್ಲಿ ತೀರಿಕೊಂಡಿದ್ದರು. ಇದು ಹೆಚ್ಚು ಕರಾಳವಾದ, ಭಾರವಾದ ಆಲ್ಬಮ್. ಮೊದಲ ಸಲ ಕೇಳುವವರು ಇಲ್ಲಿಂದ ಶುರು ಮಾಡಬಾರದು.

ಕೊನೆಗೆ ಕೇಳಬೇಕಾದದ್ದು ಫ್ರಾಸ್ಟ್ ಅವರ ಹಾಡೇ ಅಲ್ಲ. ರ‍್ಯಾಪರ್ ಕೆಂಡ್ರಿಕ್ ಲಮಾರ್ ಅವರ 2012ರ 'ಪೊಯೆಟಿಕ್ ಜಸ್ಟಿಸ್' ಹಾಕಿ. ಅದರ ಸಂಗೀತ ಸ್ಕೂಪ್ ಡೆವಿಲ್ ಅವರದು. ಸ್ನೂಪ್ ಡಾಗ್‌ಗೆ 'ಐ ವಾನಾ ರಾಕ್' ಮಾಡಿಕೊಟ್ಟವರೂ ಇವರೇ, ಮತ್ತು ಇವರು ಫ್ರಾಸ್ಟ್ ಅವರ ಮಗ. ಮತ್ತೆ ನಿಧಾನ, ಮತ್ತೆ ಹಳೇ ಹಾಡೊಂದರ ಸ್ಯಾಂಪಲ್, ಈ ಸಲ ಜಾನೆಟ್ ಜಾಕ್ಸನ್ ಅವರದು. ಇದಾದ ಕೂಡಲೇ 'ಲಾ ರಾಸಾ' ಮತ್ತೊಮ್ಮೆ ಹಾಕಿ, ಎರಡರಲ್ಲೂ ಬೀಟ್ ಎಲ್ಲಿ ಬಿಟ್ಟು ಎಲ್ಲಿ ಹಿಡಿಯುತ್ತೆ ಅಂತ ಬೆರಳಲ್ಲಿ ತಾಳ ಹಾಕಿಕೊಂಡು ನೋಡಿ. ಆಮೇಲೆ ಸೈಪ್ರೆಸ್ ಹಿಲ್ ಅನ್ನೋ ರ‍್ಯಾಪ್ ತಂಡದ ಕಡೆ ಹೋಗಬಹುದು.