ಚಿತ್ರಮಂದಿರದ ಹಳೆಯ ಪೈಪ್ ಆರ್ಗನ್ನನ್ನು ಸ್ಥಳಾಂತರಿಸಿ ಮತ್ತೆ ನುಡಿಸುವಂತೆ ಮಾಡುವ ಬಗೆ

ಮೂಕಿ ಚಿತ್ರಗಳ ಕಾಲದಲ್ಲಿ ವುರ್ಲಿಟ್ಸರ್‌ನಂತಹ ಕಂಪನಿಗಳು ಚಿತ್ರಮಂದಿರಗಳಿಗೆಂದು ಕಟ್ಟಿದ ಪೈಪ್ ಆರ್ಗನ್, ಕೊಳವೆಗಳಲ್ಲಿ ಗಾಳಿ ಹಾಯಿಸಿ ನಾದ ಹೊರಡಿಸುವ, ಕಟ್ಟಡದೊಳಗೆಲ್ಲ ಹರಡಿಕೊಂಡಿರುವ ವಾದ್ಯ. ಪ್ರೇಕ್ಷಕರಿಗೆ ಕಾಣುವುದು ವಾದಕರು ಕೂರುವ ಕನ್ಸೋಲ್ ಮಾತ್ರ. ನೂರಾರು ಕೊಳವೆಗಳು, ಅವು ನಿಲ್ಲುವ ಗಾಳಿಪೆಟ್ಟಿಗೆಗಳು, ಗಾಳಿಯೊತ್ತಡವನ್ನು ಕಾಯ್ದುಕೊಳ್ಳುವ ತಿದಿಗಳು, ಡ್ರಮ್ಮು, ಕ್ಸೈಲೋಫೋನುಗಳು ಗೋಡೆಯ ಹಿಂದಿನ ಕೋಣೆಗಳಲ್ಲಿರುತ್ತವೆ. ಆದ್ದರಿಂದ ಒಂದು ಸ್ಕ್ರೂ ಬಿಚ್ಚುವ ಮೊದಲೇ ಹೊಸ ಜಾಗವನ್ನು ಅಳೆಯಬೇಕು: 16 ಅಡಿಯ ಕೊಳವೆ ನಿಲ್ಲುವಷ್ಟು ಎತ್ತರ, ಟನ್ನುಗಟ್ಟಲೆ ಭಾರ ತಾಳುವ ನೆಲ, ಗಾಳಿಯೂದುವ ಯಂತ್ರವಾದ ಬ್ಲೋವರಿನ ಸದ್ದು ಸಭಾಂಗಣಕ್ಕೆ ಕೇಳಿಸದಂತಹ ಪ್ರತ್ಯೇಕ ಕೋಣೆ.

ಬ್ಲೋವರ್ ಇನ್ನೂ ಓಡುವಂತಿದ್ದರೆ, ವೈರಿಂಗನ್ನು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿದ ಮೇಲೆ, ಪ್ರತಿಯೊಂದು ತಿದಿಯ ಗಾಳಿಯೊತ್ತಡವನ್ನು ನೀರು ತುಂಬಿದ ಯು ಆಕಾರದ ನಳಿಕೆಯಿಂದ ಅಳೆದು ಬರೆದುಕೊಳ್ಳಿ. ಚರ್ಚಿನ ಆರ್ಗನ್ನುಗಳಲ್ಲಿ ಇದು ಸಾಮಾನ್ಯವಾಗಿ ಮೂರು ನಾಲ್ಕು ಅಂಗುಲ ನೀರಿನ ಮಟ್ಟವಾದರೆ, ಇಲ್ಲಿ ಹೆಚ್ಚಿನ ಕೊಳವೆಗಳಿಗೆ 10 ಅಂಗುಲ, ಟ್ಯೂಬಾದಂತಹ ಜೋರುದನಿಯ ಕೊಳವೆಗಳಿಗೆ 15 ಅಂಗುಲದವರೆಗೂ ಇರುತ್ತದೆ. ಕೊಳವೆಯ ನಾದವನ್ನು ಆ ಒತ್ತಡಕ್ಕೆಂದೇ ಹದಗೊಳಿಸಿರುವುದರಿಂದ ಈ ಅಂಕಿಗಳಿಗಿಂತ ಬೆಲೆಬಾಳುವ ದಾಖಲೆ ಬೇರೊಂದಿಲ್ಲ. ತಂತಿ, ಗಾಳಿಕೊಳಾಯಿ, ತಿದಿಯ ಸ್ಪ್ರಿಂಗುಗಳಿಗೆಲ್ಲ ಚೀಟಿ ಕಟ್ಟಿ, ಬಿಚ್ಚುವ ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ.

ಸೀಸ-ತವರದ ಕೊಳವೆಗಳು ಬೆರಳೊತ್ತಿಗೂ ನಗ್ಗುವಷ್ಟು ಮೃದು. ಅವುಗಳ ಬಾಯಿಯನ್ನಾಗಲಿ ಶ್ರುತಿ ಹೊಂದಿಸುವ ಸುರುಳಿಯನ್ನಾಗಲಿ ಹಿಡಿದೆತ್ತದೆ, ಉದ್ದಕ್ಕೂ ಆಧಾರವಿರುವ ಮರದ ತಟ್ಟೆಗಳಲ್ಲಿ ಮಲಗಿಸಿ ಸಾಗಿಸಬೇಕು. ಸೀಸದ ಧೂಳು ವಿಷವಾದ್ದರಿಂದ ಮಾಸ್ಕ್, ಕೈಗವಸು ಕಡ್ಡಾಯ.

ಪುನಶ್ಚೇತನದ ನಿಜವಾದ ದುಡಿಮೆಯಿರುವುದು ಚರ್ಮದಲ್ಲಿ. ಪ್ರತಿ ಕೊಳವೆಯ ಕೆಳಗೂ ಒಂದು ಪುಟ್ಟ ಚರ್ಮದ ತಿದಿಯಿದ್ದು, ವಾದಕರು ಕೀಲಿ ಒತ್ತಿದಾಗ ವಿದ್ಯುತ್ಕಾಂತದ ಮೂಲಕ ಅದರೊಳಗಿನ ಗಾಳಿ ಹೊರಹೋಗಿ, ಅದು ಮುದುಡಿಕೊಂಡು ಕವಾಟವನ್ನು ತೆರೆಯುತ್ತದೆ. ದಶಕಗಳು ಕಳೆದಂತೆ ಈ ಚರ್ಮ ಒಣಗಿ ಪುಡಿಯಾಗುತ್ತದೆ. ಹರಿದ ಜಾಗದಲ್ಲಿ ಸ್ವರ ಸತ್ತಂತೆಯೇ. ಹರಿದವನ್ನಷ್ಟೇ ಬದಲಿಸಿದರೆ ಉಳಿದವು ಒಂದೊಂದಾಗಿ ಕೈಕೊಡುತ್ತವೆ, ಹಾಗಾಗಿ ಒಂದು ಗಾಳಿಪೆಟ್ಟಿಗೆ ತೆರೆದರೆ ಅದರ ಚರ್ಮವನ್ನೆಲ್ಲ ಒಮ್ಮೆಗೇ ಬದಲಿಸುವುದು ಲೇಸು. ಅಂಟಿಸಲು ಬಿಸಿ ಮಾಡಿ ಬಳಸುವ, ಪ್ರಾಣಿಗಳ ಚರ್ಮದಿಂದ ತೆಗೆದ ಅಂಟನ್ನೇ ಬಳಸಿ: ಮುಂದೊಂದು ದಿನ ಇನ್ನೊಬ್ಬರು ಇದೇ ಕೆಲಸಕ್ಕೆ ಕೈಹಾಕಿದಾಗ, ಮರಕ್ಕೆ ಗಾಯವಾಗದಂತೆ ಬಿಸಿ ಮತ್ತು ತೇವದಿಂದ ಅದನ್ನು ಬಿಡಿಸಬಹುದು. ಇಂದಿನ ಬಿಳಿ ಅಂಟು ಆ ಅವಕಾಶವನ್ನು ಕೊಡುವುದಿಲ್ಲ.

ಕೀಲಿ ಒತ್ತಿದ ಸಂಕೇತವನ್ನು ಆಯಾ ಕೊಳವೆಗೆ ತಲುಪಿಸುವ ಸ್ವಿಚ್ಚುಗಳ ವ್ಯವಸ್ಥೆಯಾದ ಹಳೆಯ ರಿಲೇ ಸುಸ್ಥಿತಿಯಲ್ಲಿದ್ದರೆ ಉಳಿಸಿಕೊಳ್ಳಿ. ಕೆಟ್ಟಿದ್ದರೆ ಎಲೆಕ್ಟ್ರಾನಿಕ್ ರಿಲೇ ಹಾಕಲು ಹಿಂಜರಿಯಬೇಕಿಲ್ಲ, ಏಕೆಂದರೆ ನಾದ ಹುಟ್ಟುವುದು ರಿಲೇಯಲ್ಲಿ ಅಲ್ಲ.

ಜೋಡಣೆಯಲ್ಲಿ ಗಾಳಿಯೇ ಮೊದಲು. ಸೋರಿಕೆಗಳನ್ನು ಮುಚ್ಚಿ, ಬರೆದಿಟ್ಟ ಒತ್ತಡಕ್ಕೆ ತಿದಿಗಳನ್ನು ಹೊಂದಿಸಿದ ಮೇಲಷ್ಟೇ ಕೊಳವೆಗಳನ್ನು ಕೂರಿಸಿ. ಉಷ್ಣತೆ ಏರಿದಂತೆ ಸಾಮಾನ್ಯ ಕೊಳವೆಗಳ ಶ್ರುತಿ ಏರುತ್ತದೆ, ಕಂಪಿಸುವ ಲೋಹದ ನಾಲಗೆಯುಳ್ಳ ಕೊಳವೆಗಳದು ಅಷ್ಟಾಗಿ ಬದಲಾಗದು. ಆದ್ದರಿಂದ ಸಂಗೀತ ಕಛೇರಿಯ ಹೊತ್ತಿನಲ್ಲಿರುವಷ್ಟೇ ಉಷ್ಣತೆಯಲ್ಲಿ ಕೋಣೆ ಸ್ಥಿರವಾದ ಬಳಿಕ ಶ್ರುತಿಮಾಡಿ. ಗಾಳಿಯನ್ನು ಅಲುಗಿಸುವ ಟ್ರೆಮ್ಯುಲೆಂಟನ್ನು ಕೊನೆಯಲ್ಲಿ, ಕೊಳಲಿನಂತಹ ದನಿಯ ಟಿಬಿಯಾ ಕೊಳವೆಗಳನ್ನು ನುಡಿಸುತ್ತಾ, ಸಭಾಂಗಣದ ನಡುವೆ ಒಬ್ಬರನ್ನು ಕೂರಿಸಿ ಅವರ ಕಿವಿಯನ್ನು ನಂಬಿ ಹೊಂದಿಸಬೇಕು. ಕೊಳವೆಗಳ ಕೋಣೆಯೊಳಗೆ ನಿಂತವರಿಗೆ ಅದರ ಹದ ತಿಳಿಯುವುದಿಲ್ಲ.