ಕುರಿ ಹಿಂದೆ ಹೊರಟ ಬಸುರಿಗೆ ದಾರಿಯಲ್ಲೇ ತಪಾಸಣೆ, ಹೆರಿಗೆ: ಮಾಡಿಕೊಳ್ಳಬೇಕಾದ ತಯಾರಿ

ದೀಪಾವಳಿ ಕಳೆಯುತ್ತಿದ್ದಂತೆ ಬೆಳಗಾವಿ, ಬಾಗಲಕೋಟೆ ಕಡೆಯ ಎಷ್ಟೋ ಕುರಿಹಿಂಡುಗಳು ಮೇವು ಹುಡುಕಿ ಹೊರಡುತ್ತವೆ. ಮರಳುವುದು ಮುಂಗಾರಿನ ಹೊತ್ತಿಗೆ. ಬಸುರಿಯ ಹೆಸರು ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಉಳಿಯುತ್ತದೆ, ಅವಳು ಮಾತ್ರ ಯಾವುದೋ ತಾಲ್ಲೂಕಿನ ಹೊಲದಲ್ಲಿರುತ್ತಾಳೆ. ಆಸ್ಪತ್ರೆ ಇಲ್ಲವೆಂದಲ್ಲ, ಬಿಡಾರ ಎಲ್ಲಿದೆ ಎಂದು ಆಸ್ಪತ್ರೆಗೆ ಗೊತ್ತಿಲ್ಲ. ಅದನ್ನು ನಾವೇ ತಿಳಿಸಬೇಕು.

ಮುಟ್ಟು ನಿಂತ ಕೂಡಲೇ, 12 ವಾರದೊಳಗೆ, ಉಪಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿ. ಅದರಲ್ಲಿ ಆರ್‌ಸಿಎಚ್ ಸಂಖ್ಯೆ (ಸರ್ಕಾರ ತಾಯಿ-ಮಗುವಿಗೆ ಕೊಡುವ ನೋಂದಣಿ ಸಂಖ್ಯೆ) ಇದೆಯೇ ನೋಡಿಕೊಳ್ಳಿ. ಬೇರೆ ಊರಿನ ಆಸ್ಪತ್ರೆಯಲ್ಲಿ ಹಳೆಯ ದಾಖಲೆ ಸಿಗುವುದು ಅದರಿಂದಲೇ. ಕಾರ್ಡನ್ನು ಕುದುರೆಯ ಹೇರಿನಲ್ಲಿ ಕಟ್ಟಬೇಡಿ. ಬಿಡಾರ ಒಂದು ಕಡೆ, ಬಸುರಿ ಇನ್ನೊಂದು ಕಡೆ ಇದ್ದಾಗಲೇ ಅದು ಬೇಕಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಅವಳ ಬಳಿಯೇ ಇರಲಿ. ಪುಟಗಳ ಫೋಟೊ ಎರಡು ಮೊಬೈಲ್‌ಗಳಲ್ಲಿರಲಿ, ಒಂದು ಊರಲ್ಲೇ ಉಳಿಯುವವರದು.

ಹೆರಿಗೆ ದಿನದ ಲೆಕ್ಕ: ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು, 7 ದಿನ ಕೂಡಿಸಿ. ಅಕ್ಟೋಬರ್ 10 ಆದರೆ ಜುಲೈ 17. ತಾರೀಖು ನೆನಪಿಲ್ಲದಿದ್ದರೆ ಯಾವ ಅಮಾವಾಸ್ಯೆಯ ಆಸುಪಾಸು ಎಂದು ಹೇಳಿದರೂ ಸಿಸ್ಟರ್ ಲೆಕ್ಕ ಹಾಕುತ್ತಾರೆ. ಆದರೆ ಆಗ ಮೊದಲ ಮೂರು ತಿಂಗಳಲ್ಲೇ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು, ತಡವಾದಷ್ಟೂ ದಿನದ ಅಂದಾಜು ಸಡಿಲವಾಗುತ್ತದೆ.

ಕಡಿಮೆಯೆಂದರೆ ನಾಲ್ಕು ತಪಾಸಣೆ ಆಗಬೇಕು: 12 ವಾರದೊಳಗೆ, 14–26, 28–34, ಮತ್ತೆ 36 ವಾರದ ನಂತರ. ಈ ದಿನಗಳಲ್ಲಿ ಹಿಂಡು ಎಲ್ಲಿರುತ್ತದೆ ಎಂದು ದಾರಿ ಬಲ್ಲ ಹಿರಿಯರ ಜೊತೆ ಕುಳಿತು ಗುರುತು ಹಾಕಿಕೊಳ್ಳಿ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ. ಅಲೆಯುವವರಿಗೆ ನೆನಪಿಡಲು ಇದಕ್ಕಿಂತ ಸುಲಭದ ತಾರೀಖಿಲ್ಲ. ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು ಎರಡು, ನಡುವೆ 4 ವಾರ. ಎರಡನೆಯದು ದಾರಿಯಲ್ಲಿ ತಪ್ಪುವುದೇ ಹೆಚ್ಚು.

ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, ಒಟ್ಟು 180. ಕ್ಯಾಲ್ಸಿಯಂ ದಿನಕ್ಕೆರಡು, ಊಟದ ಜೊತೆ. ಎರಡನ್ನೂ ಒಟ್ಟಿಗೆ ನುಂಗಬೇಡಿ, ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಎರಡು ಗಂಟೆ ಅಂತರವಿರಲಿ. ಚಹಾ ಕೂಡ ಕಬ್ಬಿಣದ ವೈರಿ, ಬಿಡಾರದಲ್ಲಿ ಚಹಾಕ್ಕೇನೂ ಬರವಿಲ್ಲ. ಮಲ ಕಪ್ಪಾದರೆ ಹೆದರಿ ಮಾತ್ರೆ ಬಿಡಬೇಡಿ. ಹೊರಡುವಾಗ ದೂರ ಹೋಗುತ್ತೇವೆಂದು ಹೇಳಿ ಎರಡು ಮೂರು ತಿಂಗಳಿಗಾಗುವಷ್ಟು ಕೇಳಿ ಪಡೆಯಿರಿ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಮಾತ್ರೆಯನ್ನೇ ನಂಬಿ ಹೊರಡುವಂತಿಲ್ಲ, ದೊಡ್ಡಾಸ್ಪತ್ರೆಯ ಚಿಕಿತ್ಸೆಯೇ ಬೇಕು.

ಕುರಿ ಸಾಕುವವರಿಗೆ ಬೇರೆಯವರಿಗಿಲ್ಲದ ಅಪಾಯವೊಂದಿದೆ. ಕಂದು ಹಾಕಿದ (ದಿನ ತುಂಬುವ ಮೊದಲೇ ಗರ್ಭ ಇಳಿದ) ಕುರಿಯ ಸತ್ತ ಮರಿ, ಮಾಸು, ಗರ್ಭದ ನೀರಿನಿಂದ ಬ್ರುಸೆಲ್ಲೋಸಿಸ್‌ನಂಥ ರೋಗಗಳು ಮನುಷ್ಯರಿಗೆ ಹತ್ತುತ್ತವೆ. ಬಸುರಿಗೆ ಗರ್ಭಪಾತವೂ ಆಗಬಹುದು. ಈಯುವ ಕುರಿಯ ಆರೈಕೆ ಬೇರೆಯವರು ನೋಡಲಿ. ಹಾಲು ಕಾಯಿಸದೆ ಕುಡಿಯಬಾರದು. ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಕೀಲುನೋವು ಇದ್ದರೆ ಡಾಕ್ಟರಿಗೆ ಮೊದಲು “ನಾವು ಕುರಿಯವರು” ಎಂದು ಹೇಳಿ. ಹೇಳದಿದ್ದರೆ ಆ ರೋಗದ ಪರೀಕ್ಷೆ ಅವರಿಗೆ ಹೊಳೆಯದೆ ಹೋಗಬಹುದು.

ಹೊಸ ಹೊಲಕ್ಕೆ ಬಂದ ದಿನ, ಕುರಿ ತರುಬಿಸಿದ (ಗೊಬ್ಬರಕ್ಕಾಗಿ ಹೊಲದಲ್ಲಿ ಹಿಂಡು ನಿಲ್ಲಿಸಿಕೊಂಡ) ರೈತನ ಬಳಿ ದುಡ್ಡುಕಾಳಿನ ಮಾತಿನ ಜೊತೆಗೇ ಆ ಊರಿನ ಆಶಾಳ ನಂಬರು ಕೇಳಿ. ರೈತನ ಮೊಬೈಲ್ ನಂಬರು ಕಾರ್ಡಿನ ಹಿಂದೆ ಬರೆದಿಡಿ. 108ಕ್ಕೆ ಕರೆ ಮಾಡಿದಾಗ ತಾಲ್ಲೂಕು, ಊರು, ಹೊಲದವನ ಹೆಸರು, ಹತ್ತಿರದ ಗುಡಿಯನ್ನೋ ಡೇರಿಯನ್ನೋ ಈ ಕ್ರಮದಲ್ಲೇ ಹೇಳಿ. ಹೊಲದೊಳಕ್ಕೆ ಗಾಡಿ ಬರದಿದ್ದರೆ ಬಸುರಿಯನ್ನು ಡಾಂಬರು ರಸ್ತೆಗೆ ತರುವ ಬಗೆಯನ್ನು ಮೊದಲೇ ಯೋಚಿಸಿಡಿ, ರಾತ್ರಿಯಾದರೆ ಒಬ್ಬರು ಬ್ಯಾಟರಿ ಹಿಡಿದು ಅಲ್ಲಿ ನಿಲ್ಲಲಿ. ಮಹಾರಾಷ್ಟ್ರಕ್ಕೆ ದಾಟಿದರೂ ನಂಬರು ಅದೇ 108. ರಕ್ತ ಹೋಗುವುದು, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಫಿಟ್ಸ್, ನೀರು ಒಡೆಯುವುದು, ಕೂಸಿನ ಅಲುಗಾಟ ಕಡಿಮೆಯಾಗುವುದು: ಇವಕ್ಕೆ ಬೆಳಗಾಗಲೆಂದು ಕಾಯುವಂತಿಲ್ಲ.

36 ವಾರಕ್ಕೆ ಬಸುರಿ ಹಿಂಡು ಬಿಟ್ಟು, ಬಸ್ಸಿನಲ್ಲಿ, ತವರಿಗೋ ಆಸ್ಪತ್ರೆ ಹತ್ತಿರದ ನಂಟರ ಮನೆಗೋ ಹೋಗಲಿ. ಚೊಚ್ಚಲು, ಹಿಂದೆ ಸಿಸೇರಿಯನ್ ಆದವರು, ಅವಳಿ ಇರುವವರು, ಬಿಪಿ 140/90 ದಾಟಿದವರು ಡಾಕ್ಟರನ್ನು ಕೇಳಿ ಇನ್ನೂ ಮೊದಲೇ ಹೊರಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲ ಉಚಿತ. “ನಿಮ್ಮೂರಿಗೆ ಹೋಗಿ” ಎಂದರೆ ಕಾರ್ಡ್ ತೋರಿಸಿ. ಕರ್ನಾಟಕದಲ್ಲಾದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ.

ಗಾಡಿ ಬರುವ ಮೊದಲೇ ಹೆರಿಗೆಯಾದರೆ ಕೂಸನ್ನು ಒರೆಸಿ ತಾಯಿಯ ಎದೆಗೆ ತಾಗಿಸಿ, ಬಟ್ಟೆ ಹೊದಿಸಿ. ಹೊಕ್ಕುಳಬಳ್ಳಿ ಕೊಯ್ಯಲು ಅವಸರ ಬೇಡ. 108ರ ಸಿಬ್ಬಂದಿ ಕೊಯ್ಯಲಿ. ಉಣ್ಣೆ ಕತ್ತರಿ, ಕುಡಗೋಲು ಮುಟ್ಟಿಸಿದರೆ ಧನುರ್ವಾಯು ಬರಬಹುದು. ಬಳ್ಳಿಗೆ ಬೂದಿ, ಎಣ್ಣೆ ಹಚ್ಚಬೇಡಿ. ಮಾಸು ಜಗ್ಗಬೇಡಿ.

ಹೆರಿಗೆಯಾದ ಮೇಲೆ ಕಡಿಮೆಯೆಂದರೂ 48 ಗಂಟೆ ಆಸ್ಪತ್ರೆಯಲ್ಲೇ ಇರಬೇಕು. ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಹಾಕಿಸಿದ್ದನ್ನು ಕಾರ್ಡಿನಲ್ಲಿ ಬರೆಸಿಕೊಂಡು ಹೊರಡಿ. ಮುಂದಿನವು 6, 10, 14ನೇ ವಾರ, ಯಾವ ಊರಲ್ಲಿದ್ದರೂ. ಜನನ ನೋಂದಣಿ ಕೂಸು ಹುಟ್ಟಿದ ಊರಲ್ಲೇ ಆಗಬೇಕು, 21 ದಿನದೊಳಗೆ ಶುಲ್ಕವಿಲ್ಲ. ಬಿಡಾರ ಕಿತ್ತ ಮೇಲೆ ಒಂದು ಕಾಗದಕ್ಕಾಗಿ ಅಲ್ಲಿಗೇ ಮರಳಬೇಕಾಗುತ್ತದೆ, ಆದ್ದರಿಂದ ಆಸ್ಪತ್ರೆಯಲ್ಲೇ ಅರ್ಜಿ ಕೊಟ್ಟುಬಿಡಿ.